ಮತ್ತೆ ಅದೇ ಊರಿಗೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಕಡೆಯಿಂದ ಮಕ್ಕಳ ರಜೆಯಲ್ಲಿ ಶಿಗ್ಗಾಂವಿ ಹತ್ತಿರದ ಗೊಟಗೋಡಿ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿಬರುವ ಕುಟುಂಬಗಳುಂಟು. ಒಮ್ಮೆ ಹೋದವರು ಮತ್ತೊಂದು ವರ್ಷವೂ ಬುತ್ತಿ ಕಟ್ಟುತ್ತಾರೆ. ನೋಡಿದ್ದನ್ನೇ ನೋಡಲು ಖರ್ಚೇಕೆ ಎಂದು ಕೆಲವರು ಕೇಳುತ್ತಾರೆ. ಖರ್ಚಿನ ಮಾತು ಹಾಗಿರಲಿ.

ಸಂತ ಲೂಕರ ಶುಭಸಂದೇಶದ 2ನೆಯ ಅಧ್ಯಾಯ ತೆರೆಯಿರಿ. ಜೋಸೆಫರೂ ಮರಿಯಮ್ಮನವರೂ ಪ್ರತಿವರ್ಷ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರು. ಮಗ ತಪ್ಪಿಸಿಕೊಂಡದ್ದು ಹೊಸ ದಾರಿಯಲ್ಲಲ್ಲ, ಆ ರೂಢಿಯ ಪ್ರಯಾಣದಲ್ಲೇ. ಆತನಿಗೆ ಆಗ 12 ವರ್ಷ. ಬಂಧುಬಳಗದಲ್ಲಿ ಎಲ್ಲೋ ಇರುತ್ತಾನೆಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟರು. ಮೂರು ದಿನಗಳ ಮೇಲೆ ದೇವಾಲಯದಲ್ಲಿ ಸಿಕ್ಕಿದ. ಅದನ್ನು ಅಲಕ್ಷ್ಯವೆನ್ನಲು ನನಗೆ ಮನಸ್ಸಿಲ್ಲ. ದಾರಿ ಹಳೆಯದು, ಹುಡುಗ ಮಾತ್ರ ಹೋದ ವರ್ಷದವನಾಗಿರಲಿಲ್ಲ.

ನಾವೂ ಹಳೆಯ ಪಟ್ಟಿ ಹಿಡಿದೇ ಹೊರಡುತ್ತೇವೆ. ಮೊದಲ ಸಲ ಸಿಮೆಂಟಿನ ಎತ್ತು ಕಂಡು ಕುಣಿದ ಮಗಳು ಈಗ ಫೋಟೋಕ್ಕೆ ನಿಲ್ಲಲು ನಾಚುತ್ತಾಳೆ, ಸುಮ್ಮನೆ ಗದರುತ್ತೇವೆ. ಮೊಣಕಾಲು ನೋವಿನ ಅಜ್ಜಿಯನ್ನಂತೂ ಮನೆ ಕಾಯಲು ಬಿಟ್ಟಾಯಿತು. ಆದರೆ ಅಲ್ಲಿ ಆಳೆತ್ತರದ ಶಿಲ್ಪಗಳಲ್ಲಿ ನಿಂತಿರುವುದು ನಮ್ಮ ಉತ್ತರ ಕರ್ನಾಟಕದ ಹಳ್ಳಿಯ ಬದುಕು, ಎಂದರೆ ಅಜ್ಜಿ ಬಾಳಿದ ಬದುಕು. ಮೊಮ್ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬಲ್ಲವಳು ಆಕೆಯೇ.

ಮುಂದಿನ ರಜೆಗೆ ಬಸ್ಸಿನಲ್ಲಿ ಮೊದಲು ಅಜ್ಜಿಗೆ ಸೀಟು ಹಿಡಿಯಿರಿ. ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕೆಂದು ಮಗಳನ್ನು ಕೇಳಿರಿ.