ಮೊದಲ ಸಾಲಿನ ಪ್ರಾಮಾಣ್ಯ

2021ರ ಜೂನ್ ಮೊದಲ ವಾರ ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳಿದವರಿಗೆ ಪುಟದ ನೆತ್ತಿಯ ಮೇಲೆ, ಚೌಕಟ್ಟಿನೊಳಗೆ, ಕನ್ನಡ ಎಂಬ ಉತ್ತರ ಕಾಣುತ್ತಿತ್ತು. ನಾಡು ಕುದಿಯಿತು, ಸಚಿವರು ನೋಟಿಸ್ ಕೊಡುತ್ತೇವೆಂದರು, ಕಂಪನಿ ಕ್ಷಮೆ ಕೇಳಿತು, ಉತ್ತರ ಮಾಯವಾಯಿತು. ಆ ಗದ್ದಲದಲ್ಲಿ ಒಂದು ಸಂಗತಿ ಹಿಂದೆ ಸರಿಯಿತು. ಆ ವಾಕ್ಯವನ್ನು ಗೂಗಲ್ ಬರೆದಿರಲಿಲ್ಲ. ಯಾರೂ ಹೆಸರು ಕೇಳದ ಒಂದು ಜಾಲತಾಣದ ಮೂಲೆಯಲ್ಲಿ ಅದು ಬಿದ್ದಿತ್ತು, ಅಲ್ಲಿದ್ದಷ್ಟು ದಿನ ಯಾರನ್ನೂ ಕೆರಳಿಸಿರಲಿಲ್ಲ. ಬುದ್ಧಿ ನೆಟ್ಟಗಿದ್ದವರು ಅಂಥ ಪ್ರಶ್ನೆಗೆ ಉತ್ತರ ಬರೆದಿಡುವುದಿಲ್ಲವಾದ್ದರಿಂದ ಬರೆದವನ ಪುಟಕ್ಕೆ ಕಣದಲ್ಲಿ ಎದುರಾಳಿಯೇ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ಮಾತು ಅದೇ, ಅರ್ಥವೂ ಅದೇ, ಬದಲಾದದ್ದು ಅದು ಕೂತ ಜಾಗ. ಜಾಗ ಬದಲಾದದ್ದರಿಂದಲೇ ಅದು ಕಸದಿಂದ ತೀರ್ಪಾಯಿತು. ಹಾಗಾದರೆ ಕೂತ ಜಾಗದಿಂದಲೇ ಒಂದು ಮಾತಿಗೆ ಪ್ರಾಮಾಣ್ಯ ಬರುತ್ತದೆಯೇ?

ನಮ್ಮ ಹಳೆಯ ದಾರ್ಶನಿಕರಲ್ಲಿ ನೈಯಾಯಿಕರೂ ಮೀಮಾಂಸಕರೂ ಶತಮಾನಗಳ ಕಾಲ ಜಗಳಾಡಿದ್ದು ಇದರ ಹತ್ತಿರದ ಪ್ರಶ್ನೆಗೇ. ಕಣ್ಣಾರೆ ಕಾಣದ್ದನ್ನು ಇನ್ನೊಬ್ಬರ ಮಾತಿನಿಂದ ತಿಳಿಯುತ್ತೇವಲ್ಲ, ಆ ಶಬ್ದಪ್ರಮಾಣಕ್ಕೆ ಬಲ ಎಲ್ಲಿಂದ ಬಂತು? ಹುಡುಕು ಯಂತ್ರದ ರ‍್ಯಾಂಕಿಂಗ್ ಎಂಜಿನಿಯರುಗಳ ತಲೆನೋವು ಎಂದು ಬದಿಗಿಡುವ ಹಾಗಿಲ್ಲ, ಅದೂ ಈ ಪ್ರಶ್ನೆಗೆ ಕೊಟ್ಟ ಒಂದು ಉತ್ತರವೇ. 1990ರ ದಶಕದ ಆಲ್ಟಾವಿಸ್ಟಾದಂಥ ಯಂತ್ರಗಳು ಹೆಚ್ಚಾಗಿ ಪುಟದೊಳಗಿನ ಪದಗಳನ್ನೇ ನೋಡುತ್ತಿದ್ದವು. ಅಂದರೆ ಪ್ರತಿಯೊಬ್ಬನೂ ತನ್ನ ಬಗ್ಗೆ ಹೇಳಿಕೊಂಡದ್ದನ್ನು ನಂಬುತ್ತಿದ್ದವು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದಿಡುವವರಿಗೆ ಅದು ಸುಗ್ಗಿಯ ಕಾಲ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಪ್ರಬಂಧದಲ್ಲಿ ಬೇರೆ ದಾರಿ ಹಿಡಿದರು. ಬೇರೆ ಪುಟಗಳು ಲಿಂಕ್ ಕೊಟ್ಟು ಯಾವುದರತ್ತ ಕೈತೋರಿಸುತ್ತವೋ ಅದಕ್ಕೆ ತೂಕ. ದೊಡ್ಡವರು ಕೈತೋರಿಸಿದರೆ ಹೆಚ್ಚು ತೂಕ. ದೊಡ್ಡವರು ಯಾರು? ದೊಡ್ಡವರು ಯಾರತ್ತ ಕೈತೋರಿಸಿದ್ದಾರೋ ಅವರು. ನಮ್ಮ ತಾರ್ಕಿಕರು ಇಷ್ಟು ಕೇಳಿದೊಡನೆ ಅನ್ಯೋನ್ಯಾಶ್ರಯ ದೋಷವೆಂದು ವಾದ ಮುಗಿಸಿ ಎದ್ದುಬಿಡುತ್ತಿದ್ದರು. ಗಣಿತ ಮಾತ್ರ ಎದ್ದು ಹೋಗಲಿಲ್ಲ. ಎಲ್ಲ ಪುಟಗಳಿಗೂ ಮೊದಲು ಸಮಪಾಲು ಕೊಡಿ. ಪ್ರತಿ ಪುಟವೂ ತನ್ನ ಪಾಲನ್ನು ತಾನು ಕೈತೋರಿಸಿದ ಪುಟಗಳಿಗೆ ಹಂಚಲಿ. ಓದುಗ ಆಗಾಗ ಬೇಸತ್ತು ಬೇರೆಲ್ಲಿಗೋ ಹಾರುತ್ತಾನೆಂಬ ಲೆಕ್ಕಕ್ಕೆ 0.85ರಂಥ ಒಂದು ಗುಣಕ ಸೇರಿಸಿ ಈ ಹಂಚಿಕೆಯನ್ನು ಮತ್ತೆ ಮತ್ತೆ ನಡೆಸಿ. ಕೊನೆಗೆ ಅಂಕಿಗಳು ಕದಲದೆ ನಿಲ್ಲುತ್ತವೆ. ಸುತ್ತಿನಲ್ಲಿ ಸಿಕ್ಕ ತರ್ಕ ದಡ ಸೇರಿತು, ಒಪ್ಪಬೇಕು. ಆದರೆ ಹಾಗೆ ನಿಂತದ್ದು ಪುಟಗಳು ಒಂದಕ್ಕೊಂದು ಕೊಟ್ಟುಕೊಂಡ ಮನ್ನಣೆ. 2003ರಲ್ಲಿ ಒಂದಷ್ಟು ಜನ ಸೇರಿ 'ಶೋಚನೀಯ ವೈಫಲ್ಯ' ಎಂಬರ್ಥದ ಇಂಗ್ಲಿಷ್ ಪದಗಳಿಂದ ಶ್ವೇತಭವನದ ತಾಣದಲ್ಲಿದ್ದ ಅಧ್ಯಕ್ಷ ಜಾರ್ಜ್ ಬುಷ್ ಅವರ ಪರಿಚಯಪುಟಕ್ಕೆ ಲಿಂಕ್ ಕೊಟ್ಟರು. ಆ ಪದಗಳನ್ನು ಹುಡುಕಿದವರಿಗೆ ಆ ಪುಟವೇ ಮೊದಲು ಸಿಗತೊಡಗಿತು, ಅದರಲ್ಲಿ ಆ ಪದಗಳೇ ಇಲ್ಲದಿದ್ದರೂ. ಬುಷ್ ಬಗ್ಗೆ ನಮಗೆ ಏನೇ ಅಭಿಪ್ರಾಯವಿರಲಿ, ಅದು ಹೊಸ ಜ್ಞಾನವೇನಲ್ಲ.

ಆದ್ದರಿಂದ ರ‍್ಯಾಂಕನ್ನು ಶಬ್ದಪ್ರಮಾಣದ ಸಾಲಿನಲ್ಲಿ ಕೂರಿಸಬಾರದು, ಅದು ಅನುಮಾನದ ಲಿಂಗ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಲು ಆಧಾರವಾಗುವ ಗುರುತು, ಅನ್ನುವುದು ನನ್ನ ವಾದ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎನ್ನುವುದು ತರ್ಕಶಾಸ್ತ್ರದ ಪಾಠದಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮಂಜನ್ನೋ ಧೂಳನ್ನೋ ಹೊಗೆಯೆಂದು ತಪ್ಪು ತಿಳಿಯಬಹುದೆಂದು ಹಳಬರು ಎಚ್ಚರಿಸಿದ್ದರು. ಬೆಂಕಿಯಿಲ್ಲದೆ ಬರಿಯ ಹೊಗೆಯನ್ನು ತಯಾರಿಸಿ ಮಾರುವ ಅಂಗಡಿ ತೆರೆಯುತ್ತಾರೆಂದು ಅವರು ಎಣಿಸಿರಲಿಕ್ಕಿಲ್ಲ. ಲಿಂಕು ಮನ್ನಣೆಯ ಗುರುತೆಂದು ಗೊತ್ತಾದ ದಿನವೇ ಲಿಂಕು ಮಾರಾಟಕ್ಕೆ ಬಂತು. 2011ರಲ್ಲಿ ಸತ್ವವಿಲ್ಲದ ಪುಟಗಳನ್ನು ಕೆಳಗಿಳಿಸಲು ಪಾಂಡಾ, 2012ರಲ್ಲಿ ಇಂಥ ಲಿಂಕುಗಳಿಗೆ ಕಡಿವಾಣ ಹಾಕಲು ಪೆಂಗ್ವಿನ್ ಎಂದು ಗೂಗಲ್ ತನ್ನ ಲೆಕ್ಕಾಚಾರ ತಿದ್ದಿಕೊಂಡದ್ದು ಈ ಹೊಗೆಯನ್ನು ಸೋಸುವುದಕ್ಕೇ. ಉಳಿದ ಲಿಂಗಗಳು ಇನ್ನೂ ದೂರದವು: 2014ರಿಂದ ಎಚ್‌ಟಿಟಿಪಿಎಸ್ ಭದ್ರತೆ, 2015ರಿಂದ ಮೊಬೈಲಿಗೆ ಒಗ್ಗುವುದು, 2021ರಿಂದ ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಮೂಡುವುದು. ಇವು ಗುಡಿಸಿ, ಸಾರಿಸಿ, ರಂಗೋಲಿಯಿಟ್ಟ ಅಂಗಳದ ಹಾಗೆ. ಮನೆಯವರು ಅಚ್ಚುಕಟ್ಟೆಂದು ಅಂಗಳ ಹೇಳುತ್ತದೆ. ಒಳಗೆ ಕೂತವರು ಸುಳ್ಳು ಹೇಳುತ್ತಾರೋ ನಿಜವೋ ಎಂಬುದನ್ನು ಅಂಗಳದಲ್ಲಿ ನಿಂತು ತಿಳಿಯಲಾಗದು.

ಶಬ್ದಪ್ರಮಾಣಕ್ಕೆ ಬಲ ಕೊಡುವ ಆಪ್ತತೆಯನ್ನೂ, ಅಂದರೆ ಹೇಳುವವನು ನಂಬಲರ್ಹನೇ ಎಂಬುದನ್ನೂ, ಯಂತ್ರ ಅಳೆಯುತ್ತಿದೆಯಲ್ಲ ಎಂದು ಕೇಳಬಹುದು. ಪುಟಗಳ ಗುಣ ಪರಿಶೀಲಿಸುವವರಿಗೆ ಗೂಗಲ್ ಕೊಟ್ಟ ಕೈಪಿಡಿಯಲ್ಲಿ ಪರಿಣತಿ, ಅಧಿಕಾರ, ವಿಶ್ವಾಸಾರ್ಹತೆಗಳಿವೆ. 2022ರ ಡಿಸೆಂಬರಿನಲ್ಲಿ ಅವುಗಳ ಜೊತೆಗೆ ಸ್ವಾನುಭವವೂ ಸೇರಿತು. ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನ ಓದಿದ್ದರೆ ತಲೆದೂಗುತ್ತಿದ್ದನೋ ಏನೋ. ಅವನ ಪ್ರಕಾರ ಆಪ್ತನೆಂದರೆ ವಿಷಯವನ್ನು ತಾನೇ ಕಂಡವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ಮಾತಾಡುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಅವನು ಸೇರಿಸಿದ. ಹುಟ್ಟು ನೋಡಿ ಮಾತಿನ ತೂಕ ಅಳೆಯುವವರ ನಡುವೆ ಅದು ಸಣ್ಣ ಮಾತಲ್ಲ. ಆದರೆ ಪರಿಶೀಲಕರು ಕೊಟ್ಟ ಅಂಕ ಯಾವ ಪುಟವನ್ನೂ ನೇರವಾಗಿ ಏರಿಸುವುದಿಲ್ಲ, ಇಳಿಸುವುದಿಲ್ಲ. ಲೆಕ್ಕಾಚಾರ ಹಳಿಯ ಮೇಲಿದೆಯೇ ಎಂದು ನೋಡಲು ಅದು ಬಳಕೆಯಾಗುತ್ತದೆ. ಕೋಟಿಗಟ್ಟಲೆ ಪುಟಗಳ ಮುಂದೆ ಯಂತ್ರಕ್ಕೆ ಸಿಗುವುದು ಮತ್ತೆ ಗುರುತುಗಳೇ. 'ನಾನೇ ಮೂರು ತಿಂಗಳು ಬಳಸಿ ನೋಡಿದೆ' ಎಂದು ಮಿಕ್ಸರನ್ನು ಮುಟ್ಟದವನೂ ಬರೆಯಬಲ್ಲ, ಈಗ ಕೈಯೇ ಇಲ್ಲದ ತಂತ್ರಾಂಶವೂ ಬರೆಯುತ್ತದೆ. ಕಂಡದ್ದರ ಕುರುಹನ್ನು ಹುಡುಕಬಹುದು. ಕಂಡಂತೆ ಹೇಳುವ ಇಚ್ಛೆಗೆ ಕುರುಹಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದನ್ನು ನೈಯಾಯಿಕರೇ ಎತ್ತಿಕೊಡುತ್ತಾರೆ. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬುದು ಹತ್ತಿರ ಹೋಗಿ ಕುಡಿದಾಗ ತೀರ್ಮಾನವಾಗುತ್ತದೆ. ಪ್ರವೃತ್ತಿ ಫಲಿಸಿದರೆ ಜ್ಞಾನ ನಿಜ. ಹುಡುಕು ಯಂತ್ರ ದಿನಕ್ಕೆ ನೂರು ಕೋಟಿಗಳ ಲೆಕ್ಕದಲ್ಲಿ ಇದೇ ಪರೀಕ್ಷೆ ನಡೆಸುತ್ತಿಲ್ಲವೇ? ಅಮೆರಿಕದ ನ್ಯಾಯಾಲಯದಲ್ಲಿ 2023ರಲ್ಲಿ ನಡೆದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಗೂಗಲ್‌ನ ಹಿರಿಯ ಅಧಿಕಾರಿ ಪಾಂಡು ನಾಯಕ್ ಸಾಕ್ಷಿ ಹೇಳಿದಾಗ, ಜನ ಯಾವ ಫಲಿತಾಂಶದ ಮೇಲೆ ಕ್ಲಿಕ್ ಮಾಡುತ್ತಾರೆಂಬ ದತ್ತಾಂಶಕ್ಕೆ ರ‍್ಯಾಂಕಿಂಗ್‌ನಲ್ಲಿ ದೊಡ್ಡ ಪಾತ್ರವಿದೆ ಎಂಬುದು ಬಹಿರಂಗವಾಯಿತು. ಒಂದು ಪುಟಕ್ಕೆ ಹೋದವನು ಅಲ್ಲೇ ನಿಂತರೆ ದಾಹ ತೀರಿತೆಂದು ಲೆಕ್ಕ. ಬಸ್ಸಿನ ಸಮಯ, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಹುಡುಕುವವನ ವಿಷಯದಲ್ಲಿ ಈ ಆಕ್ಷೇಪಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಅಲ್ಲಿ ತಪ್ಪಿದ್ದರೆ ಬಸ್ಸು ಬರುವುದಿಲ್ಲ, ಅವನು ಮತ್ತೆ ಹುಡುಕುತ್ತಾನೆ. ಆದರೆ ಸಕ್ಕರೆ ಕಾಯಿಲೆ ಬೇರುಸಹಿತ ವಾಸಿಯಾಗುತ್ತದೆಂಬ ಪುಟ ಓದಿ ಒಬ್ಬ ನೆಮ್ಮದಿಯಿಂದ ಫೋನು ಕೆಳಗಿಟ್ಟರೆ ಅದೂ ಯಂತ್ರಕ್ಕೆ ದಾಹ ತೀರಿದ ಲೆಕ್ಕವೇ. ಅವನು ಕುಡಿದದ್ದು ಏನೆಂದು ತಿಳಿಯಲು ವರ್ಷ ಬೇಕು, ತಿಳಿಯುವ ಹೊತ್ತಿಗೆ ಅವನಿರುವುದು ಆಸ್ಪತ್ರೆಯಲ್ಲಿ. ಫಲ ಮತ್ತು ತೃಪ್ತಿ ಬೇರೆ ಬೇರೆಯಾಗುವ ಕಡೆಯಲ್ಲೆಲ್ಲ ಕ್ಲಿಕ್ಕು ಬಿಸಿಲ್ಗುದುರೆಯನ್ನೂ ನೀರೆಂದೇ ಬರೆದುಕೊಳ್ಳುತ್ತದೆ.

ಇನ್ನು ಮೀಮಾಂಸಕರ ಪಾಳಯದಿಂದ ಕುಮಾರಿಲನ ಜಾಡಿನಲ್ಲಿ ಒಬ್ಬ ಬಂದು, ಇಷ್ಟೆಲ್ಲ ಶಂಕೆ ಯಾಕೆ ಅನ್ನಬಹುದು. ಜ್ಞಾನ ತಾನಾಗಿಯೇ ಪ್ರಮಾಣ. ಅದನ್ನು ಕೆಡಿಸುವ ಬಾಧಕಜ್ಞಾನ ಎದುರಾಗುವವರೆಗೆ, ಇಲ್ಲವೇ ಅದು ಹುಟ್ಟಿದ ಕಾರಣದಲ್ಲಿ ದೋಷ ಕಾಣುವವರೆಗೆ, ನಂಬು. ಮೊದಲ ಸಾಲನ್ನೂ ಹಾಗೆಯೇ ನಂಬೋಣ. ಈ ನಿಲುವಿನಲ್ಲಿ ಬದುಕಿನ ವಿವೇಕವಿದೆ, ಎಲ್ಲವನ್ನೂ ಶಂಕಿಸುವವನಿಗೆ ಬೆಳಗಿನ ಕಾಫಿ ಕುಡಿಯುವುದೂ ಕಷ್ಟ. ಆದರೆ ಅದಕ್ಕೊಂದು ಕರಾರಿದೆ: ಬಾಧಕ ಇದ್ದರೆ ಅದು ಎದುರಾಗುವ ದಾರಿ ತೆರೆದಿರಬೇಕು. ಹಾವೆಂದು ಕಂಡದ್ದು ಹಗ್ಗವೆಂದು ತಿಳಿಯುವುದು ದೀಪ ಹತ್ತಿರ ತಂದಾಗ. ಇಲ್ಲಿ ದೀಪವೇ ಎರಡನೇ ಪುಟದಲ್ಲಿದೆ, ಅಲ್ಲಿಗೆ ಹೋಗುವವರು ತೀರಾ ವಿರಳ. ಯಾವುದು ಪ್ರಮಾಣದಂತೆ ಕಾಣಬೇಕೆಂದು ನಿರ್ಧರಿಸುವ ಕೈಯೇ ಅದರ ಬಾಧಕ ಎಷ್ಟು ಆಳದಲ್ಲಿರಬೇಕೆಂದೂ ನಿರ್ಧರಿಸುತ್ತದೆ. ಕಾರಣದೋಷದ ಮಾತಿಗೆ ಬಂದರೆ ಅದನ್ನು ಮೊದಲು ತೋರಿಸಿದವರು ಹೊರಗಿನವರಲ್ಲ: ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಹುಡುಕು ಯಂತ್ರ ಜಾಹೀರಾತುದಾರರ ಕಡೆಗೇ ವಾಲುತ್ತದೆಂದು ಬ್ರಿನ್ ಮತ್ತು ಪೇಜ್ ಅದೇ 1998ರ ಪ್ರಬಂಧದ ಅನುಬಂಧದಲ್ಲಿ ಎಚ್ಚರಿಸಿದ್ದರು. ತನ್ನದೇ ಖರೀದಿ ಸೇವೆಯನ್ನು ಫಲಿತಾಂಶದಲ್ಲಿ ಮೇಲೆ ಕೂರಿಸಿದ್ದಕ್ಕೆ ಯುರೋಪಿಯನ್ ಕಮಿಷನ್ 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೋ ದಂಡ ಹಾಕಿತು. ಹುಡುಕಾಟದಲ್ಲಿ ಪಕ್ಷಪಾತಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2018ರಲ್ಲಿ 135.86 ಕೋಟಿ ರೂಪಾಯಿ ವಿಧಿಸಿತು. ಕುಮಾರಿಲನ ಎರಡು ಷರತ್ತುಗಳಲ್ಲಿ ಒಂದು ಮರೆಯಾಗಿದೆ, ಇನ್ನೊಂದು ದಾಖಲೆಯಾಗಿಯೇ ಇದೆ.

ಕುಮಾರಿಲನ ಪಂಥದವರಾದ ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನೂ, ಅಂದರೆ ಕಾಣದಿರುವುದನ್ನೂ, ಒಂದು ಪ್ರಮಾಣವೆಂದರು. ಮೇಜಿನ ಮೇಲೆ ತಂಬಿಗೆ ಕಾಣದಿರುವುದರಿಂದಲೇ ತಂಬಿಗೆ ಇಲ್ಲವೆಂದು ತಿಳಿಯುತ್ತೇವೆ. ಆದರೆ ಇದ್ದಿದ್ದರೆ ಕಾಣುತ್ತಿತ್ತು ಎಂಬಂಥ ವಸ್ತುವಾಗಿದ್ದರೆ ಮಾತ್ರ, ಕತ್ತಲೆಯಲ್ಲಿ ಈ ಮಾತು ನಿಲ್ಲದು. 'ಗೂಗಲ್ ಮಾಡಿದೆ, ಎಲ್ಲೂ ಇಲ್ಲ' ಎಂಬ ಇಂದಿನ ಮಾತು ಈ ಷರತ್ತನ್ನು ಗಾಳಿಗೆ ತೂರಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡ ಬೇಕಾದಷ್ಟಿದೆ. ಆ ಫಾಂಟು ಇದ್ದ ಕಂಪ್ಯೂಟರಿನಲ್ಲಿ ತೆರೆದರೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ; ಒಳಗೆ ಯಂತ್ರ ಓದುವುದು ಮಾತ್ರ ರೋಮನ್ ಅಕ್ಷರಗಳ, ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಚಿಹ್ನೆಗಳ ಕಲಸುಮೇಲೋಗರ. ಹಾಗೆ ಟೈಪಾದ ಪುಟದಲ್ಲಿ 'ರಾಗಿ' ಎಂಬ ಪದ ಹತ್ತು ಸಲ ಬಂದಿದ್ದರೂ ರಾಗಿ ಎಂದು ಹುಡುಕಿದವನ ಕಣ್ಣಿಗೆ ಅದು ಬೀಳುವುದಿಲ್ಲ. ಮೊದಲ ಸಾಲಿನಲ್ಲಿಲ್ಲ, ನೂರನೆಯ ಸಾಲಿನಲ್ಲೂ ಇಲ್ಲ. ಹುಡುಕಿದವನಿಗೆ ಸಿಗುವ ಪಟ್ಟಿ ಅದಿಲ್ಲದೆಯೇ ಭರ್ತಿಯಾಗಿರುತ್ತದೆ.