ಸಂಕಟ, ವೆಂಕಟರಮಣ ಮತ್ತು ನಾಸ್ತಿಕ

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯನ್ನು ಹಿರೀಸಾವೆ ಸೀಮೆಯಲ್ಲಿ ಕೇಳದವರು ಅಪರೂಪ. ಸುಖದಲ್ಲಿ ದೇವರನ್ನು ಮರೆತು, ಮಳೆ ಕೈಕೊಟ್ಟಾಗಲೋ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗಲೋ ಹರಕೆ ಹೊರುವವರನ್ನು ಚುಚ್ಚುವ ಮಾತಿದು. ಇದನ್ನೇ ನಾಸ್ತಿಕನ ಮೇಲೂ ಎಸೆಯುವುದುಂಟು: ‘ಈಗ ದೇವರಿಲ್ಲ ಅಂತೀಯ, ಕಷ್ಟ ಬರಲಿ, ನೋಡೋಣ.’

ಈ ಸವಾಲಿನೊಳಗೊಂದು ವಾದ ಅಡಗಿದೆ. ಕಷ್ಟದಲ್ಲಿ ಎಲ್ಲರೂ ಮೊರೆಯಿಡುತ್ತಾರೆ, ಆದ್ದರಿಂದ ಕೇಳಿಸಿಕೊಳ್ಳುವವನು ಇದ್ದೇ ಇದ್ದಾನೆ ಎಂಬುದು. ನಾಸ್ತಿಕನ ತಕರಾರು ಇಲ್ಲಿಯೇ. ತೆಂಗಿನ ತೋಟ ಒಣಗುತ್ತಿದೆ ಎಂದ ಮಾತ್ರಕ್ಕೆ ಬೋರ್‌ವೆಲ್‌ನಲ್ಲಿ ನೀರಿದೆ ಎಂದು ಹೇಳಲು ಬರುತ್ತದೆಯೇ?

ಹೀಗೆ ಪ್ರಶ್ನಿಸುವುದು ಈ ನೆಲಕ್ಕೆ ಹೊಸದಲ್ಲ. ಹಿರೀಸಾವೆ ಇರುವ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿದೆ. ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯ ಅಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ಜೈನ ದರ್ಶನದಲ್ಲಿ ಜಗತ್ತನ್ನು ಸೃಷ್ಟಿಸಿದ ಈಶ್ವರನಿಲ್ಲ. ತೀರ್ಥಂಕರರು ಬೇಡಿದ ವರ ಕೊಡುವವರಲ್ಲ, ಬಿಡುಗಡೆಗೆ ಅವರವರೇ ಸಾಧನೆ ಮಾಡಬೇಕು. ಹಾಗೆಂದು ಜೈನರು ಇಂದಿನ ಅರ್ಥದ ನಾಸ್ತಿಕರೂ ಅಲ್ಲ, ಆತ್ಮ, ಕರ್ಮ, ಪುನರ್ಜನ್ಮಗಳನ್ನು ಅವರು ಒಪ್ಪುತ್ತಾರೆ. ಅವನ್ನೂ ಒಪ್ಪದೆ, ಪ್ರತ್ಯಕ್ಷವೇ ಪ್ರಮಾಣವೆಂದು ಹಟ ಹಿಡಿದವರು ಚಾರ್ವಾಕರು.

ಸೃಷ್ಟಿಕರ್ತನನ್ನು ಒಪ್ಪದವರ ಜೊತೆ ವೆಂಕಟರಮಣನ ಭಕ್ತರು ಬಾಳಿದ್ದಕ್ಕೆ ಬೆಳಗೊಳದಲ್ಲಿ ಶಾಸನದ ಸಾಕ್ಷಿಯಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ತೀರ್ಪಿತ್ತ. ಜೈನರ ಮನೆಗಳಿಂದ ಎತ್ತಿದ ಹಣದಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನಿಡುವ ಹೊಣೆ ತಿರುಮಲೆಯ ಶ್ರೀವೈಷ್ಣವ ತಾತಯ್ಯನ ಪಾಲಿಗೆ ಬಂತು.

ಇನ್ನು, ಕಷ್ಟ ಬಂದರೆ ನಾಸ್ತಿಕ ಬಾಗುತ್ತಾನೆಂಬ ಮಾತು. ಮುಪ್ಪಿಗಿಂತ ದೊಡ್ಡ ಸಂಕಟ ಯಾವುದು?  1900ರಲ್ಲಿ ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ‘ದೇವರು’ ಪುಸ್ತಕ ಬರೆದದ್ದು ತೊಂಬತ್ತರ ಆಸುಪಾಸಿನಲ್ಲಿ. ಜನ ಜಪಮಾಲೆ ಹಿಡಿಯುವ ವಯಸ್ಸಿನಲ್ಲಿ ಅವರು ದೇವರ ಕಲ್ಪನೆಯನ್ನು ವಿಚಾರದ ಒರೆಗೆ ಹಚ್ಚಿದರು. ಆಸ್ತಿಕರೂ ನಾಸ್ತಿಕರೂ ಇರುವ ಕನ್ನಡ ನಾಡು ಆ ಪುಸ್ತಕಕ್ಕೆ ಪಂಪ ಪ್ರಶಸ್ತಿ ಕೊಟ್ಟು ಗೌರವಿಸಿತು. ನಾಸ್ತಿಕತೆ ಏನೆಂದು ತಿಳಿಯಬಯಸುವ ಕನ್ನಡಿಗರು ಮೊದಲು ಕೈಗೆತ್ತಿಕೊಳ್ಳಬಹುದಾದ ಪುಸ್ತಕವೂ ಅದೇ.