‘ಹೋಗಿಬರುತ್ತೇನೆ’ ಎಂಬ ಮಾತು

ಮನೆಯಿಂದ ಹೊರಡುವವನು ನಮ್ಮಲ್ಲಿ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿಬರುತ್ತೇನೆ’ ಎನ್ನುತ್ತಾನೆ. ಬರಿಯ ‘ಹೋಗುತ್ತೇನೆ’ ಎಂದರೆ ಹಿರಿಯರು ಗದರಿಸುವುದೂ ಉಂಟು. ಶಕುನದ ಮಾತು ಹಾಗಿರಲಿ. ಈ ಎರಡು ಮಾತುಗಳಿಗೆ ನೀತಿಯ ದೃಷ್ಟಿಯಿಂದಲೂ ಅಂತರವಿದೆ. ‘ಹೋಗುತ್ತೇನೆ’ ಎಂಬುದು ಹೋಗುವವನ ಇಚ್ಛೆಯನ್ನಷ್ಟೇ ತಿಳಿಸುತ್ತದೆ. ‘ಹೋಗಿಬರುತ್ತೇನೆ’ ಎಂಬುದು ಉಳಿದವರಿಗೆ ಕೊಟ್ಟ ಮಾತು. ಹಾಗೆ ಮಾತು ಕೊಟ್ಟವನು ಅದಕ್ಕೆ ಎಷ್ಟರಮಟ್ಟಿಗೆ ಕಟ್ಟುಬಿದ್ದವನು? ಕೇವಲ ತನ್ನ ಸಂತೋಷಕ್ಕಾಗಿ ಅಪಾಯದ ದಾರಿ ಹಿಡಿಯುವ ಹಕ್ಕು ಅವನಿಗೆ ಎಷ್ಟು? ಊರಿನ ಬೀದಿಗಳಲ್ಲಿ ಈ ಪ್ರಶ್ನೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ಮರೆಯಿಲ್ಲದೆ ಎದುರು ನಿಲ್ಲುವ ಒಂದು ಜಾಗವಿದೆ: ಆಸ್ಟ್ರೇಲಿಯದ ಒಳನಾಡು. ಅದನ್ನು ಪುಟ್ಟ ವಿಮಾನವೊಂದರಲ್ಲಿ ದಾಟಲು ಹೊರಟವನ ಸಿದ್ಧತೆಯನ್ನು ಸ್ವಲ್ಪ ನೋಡೋಣ.

ಆ ಖಂಡದ ಜನ ಬಹುಮಟ್ಟಿಗೆ ಕಡಲಂಚಿನ ನಗರಗಳಲ್ಲಿ ನೆಲೆಸಿದ್ದಾರೆ. ಅವರು ‘ಔಟ್‌ಬ್ಯಾಕ್’ ಎಂದು ಕರೆಯುವ ಒಳಭಾಗದಲ್ಲಿ ಕೆಂಪು ಮರಳಿನ ದಿಬ್ಬಗಳು, ಮುಳ್ಳಿನಂಥ ಸ್ಪಿನಿಫೆಕ್ಸ್ ಹುಲ್ಲು, ಕುರುಚಲು ಮರ, ವರ್ಷದ ಬಹುಭಾಗ ನೀರಿಲ್ಲದ ಹೊಳೆಗಳು. ದನ ಸಾಕುವ ‘ಸ್ಟೇಷನ್’ಗಳಲ್ಲಿ ಕೆಲವು ನಮ್ಮ ಒಂದೊಂದು ಜಿಲ್ಲೆಗಿಂತ ದೊಡ್ಡವು. ಒಂದು ಮನೆಯಿಂದ ಇನ್ನೊಂದು ಮನೆಗೆ ನೂರಾರು ಕಿಲೋಮೀಟರು. ಇಂಥ ನಾಡಿಗೆ ಸಣ್ಣ ವಿಮಾನ ಹೇಳಿಮಾಡಿಸಿದ ವಾಹನ. ಮೇಲಿನಿಂದ ಕಾಣುವ ಆ ನೆಲದ ಚೆಲುವಿಗೆ ಮನಸೋತು ರಜಾ ದಿನಗಳಲ್ಲಿ ಹಾರಲು ಹೊರಡುವ ಹವ್ಯಾಸಿಗಳೂ ಅಲ್ಲಿ ಇದ್ದಾರೆ.

ಹೀಗೆ ಹೊರಡುವವನ ಸಿದ್ಧತೆ ಬಹುಮಟ್ಟಿಗೆ ಲೆಕ್ಕದ ಕೆಲಸ. ನಾಲ್ಕು ಆಸನಗಳ ಸೆಸ್ನಾ ೧೭೨ ಮಾದರಿಯ ವಿಮಾನ ಗಂಟೆಗೆ ಸುಮಾರು ಇನ್ನೂರು ಕಿಲೋಮೀಟರು ಹೋಗುತ್ತದೆ. ನಾಲ್ಕೈದು ಗಂಟೆ ಹಾರುವಷ್ಟು ಪೆಟ್ರೋಲು ಅದರ ರೆಕ್ಕೆಗಳಲ್ಲಿ ಹಿಡಿಯುತ್ತದೆ. ಆದರೆ ನಾಲ್ಕು ಆಸನ ಇದೆಯೆಂದು ನಾಲ್ವರು ದೊಡ್ಡವರು ಕುಳಿತು, ಪೆಟ್ರೋಲನ್ನೂ ತುಂಬಿಸಿದರೆ, ವಿಮಾನ ಹೊರಬಹುದಾದ ತೂಕ ಸಾಮಾನ್ಯವಾಗಿ ಮೀರಿಹೋಗುತ್ತದೆ. ಆದುದರಿಂದ ಏನನ್ನಾದರೂ ಬಿಡಬೇಕು. ಪೆಟ್ರೋಲು ಬಿಟ್ಟರೆ ದೂರ ಕಡಿಮೆಯಾಗುತ್ತದೆ. ನೀರು ಬಿಡೋಣವೆಂದರೆ, ಆ ನೆಲದಲ್ಲಿ ಇಳಿಯಬೇಕಾಗಿ ಬಂದಾಗ ಪ್ರಾಣ ಉಳಿಸುವುದು ಅದೇ. ಒಂದು ಲೀಟರು ನೀರಿಗೆ ಒಂದು ಕಿಲೋಗ್ರಾಂ ತೂಕ, ದಾಹಕ್ಕೆ ರಿಯಾಯಿತಿಯಿಲ್ಲ. ಜೊತೆಗೆ ಬರುವವರನ್ನು ಅವರ ತೂಕವೆಷ್ಟೆಂದು ಕೇಳಬೇಕು. ವಯಸ್ಸನ್ನು ಹೇಳುವಾಗಿನಂತೆ ಇಲ್ಲಿಯೂ ಜನ ಸ್ವಲ್ಪ ಕಳೆದೇ ಹೇಳುತ್ತಾರೆ. ಸಂಕೋಚಪಟ್ಟು ಆ ಸುಳ್ಳನ್ನು ಒಪ್ಪಿಕೊಂಡರೆ ಅದರ ಫಲ ರನ್‌ವೇಯ ಕೊನೆಯಲ್ಲಿ ಕಾಣುತ್ತದೆ. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ. ಬೆಳಗಿನ ತಂಪಿನಲ್ಲಿ ಸುಲಭವಾಗಿ ಏರಿದ ವಿಮಾನ ಮಧ್ಯಾಹ್ನ ಅದೇ ಪಟ್ಟಿಯಲ್ಲಿ ಬಹುದೂರ ಓಡಿದರೂ ಏಳಲೊಲ್ಲದು.

ಇಷ್ಟಕ್ಕೇ ಮುಗಿಯಲಿಲ್ಲ. ನಕ್ಷೆಯಲ್ಲಿ ಗುರುತಿರುವ ಕಡೆಯಲ್ಲೆಲ್ಲ ವಿಮಾನದ ಪೆಟ್ರೋಲು ಸಿಕ್ಕುವುದಿಲ್ಲ. ಮೊದಲೇ ಫೋನು ಮಾಡಿ ವಿಚಾರಿಸಬೇಕು. ಸ್ಟೇಷನ್ನಿನ ಮಣ್ಣಿನ ಪಟ್ಟಿಯಲ್ಲಿ ಇಳಿಯುವುದಾದರೆ ಒಡೆಯರ ಒಪ್ಪಿಗೆ ಬೇಕು. ಮೊನ್ನೆಯ ಮಳೆಗೆ ಅದು ಕೆಸರಾಗಿದೆಯೋ ಎಂಬುದನ್ನು ಅವರೇ ಹೇಳಬೇಕು. ಕಣ್ಣಿನ ಆಧಾರದ ಮೇಲೆ ಹಾರುವವನು ಬೆಳಕು ಆರುವುದಕ್ಕೆ ಹತ್ತು ನಿಮಿಷ ಮೊದಲಾದರೂ ನೆಲ ಮುಟ್ಟುವಂತೆ ಯೋಜಿಸತಕ್ಕದ್ದೆಂದು ಅಲ್ಲಿಯ ನಿಯಮ.

ಇದೆಲ್ಲ ಬುದ್ಧಿಯ ಕೆಲಸವಾಯಿತು, ಧರ್ಮದ ಮಾತು ಇದರಲ್ಲಿ ಎಲ್ಲಿ ಬಂತು ಎಂದು ಓದುಗರು ಕೇಳಬಹುದು. ಲೆಕ್ಕ ತಪ್ಪಿದವನು ಮೂರ್ಖನಾದಾನು, ಪಾಪಿ ಹೇಗೆ ಆಗುತ್ತಾನೆ? ಅವನ ಪ್ರಾಣ ಅವನದು. ಕಳೆದುಕೊಂಡರೆ ಅವನೇ ಕಳೆದುಕೊಳ್ಳುತ್ತಾನೆ. ಈ ವಾದ ಮೇಲುನೋಟಕ್ಕೆ ಗಟ್ಟಿಯಾಗಿಯೇ ಇದೆ. ಅದನ್ನು ಒರೆಗೆ ಹಚ್ಚಲು ೧೯೨೯ರಲ್ಲಿ ನಡೆದ ಒಂದು ಸಂಗತಿ ಸಾಕು.

ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಆ ಕಾಲದ ಆಸ್ಟ್ರೇಲಿಯದ ಕಣ್ಮಣಿ. ೧೯೨೮ರಲ್ಲಿ ‘ಸದರ್ನ್ ಕ್ರಾಸ್’ ಎಂಬ ವಿಮಾನದಲ್ಲಿ ಪೆಸಿಫಿಕ್ ಸಾಗರವನ್ನೇ ದಾಟಿ ಬಂದವನು. ಮರುವರ್ಷ ಮಾರ್ಚಿ ಕೊನೆಯಲ್ಲಿ ಅವನೂ ಅವನ ಮೂವರು ಸಂಗಡಿಗರೂ ಅದೇ ವಿಮಾನದಲ್ಲಿ ಸಿಡ್ನಿಯ ಬಳಿಯಿಂದ ವಾಯುವ್ಯ ತೀರದ ವಿಂಡಮ್ ಊರಿಗೆ ಹೊರಟರು. ಅಲ್ಲಿಂದ ಇಂಗ್ಲೆಂಡಿಗೆ ಹೋಗುವುದು ಅವರ ಉದ್ದೇಶ. ಹೊರಟ ಸ್ವಲ್ಪ ಹೊತ್ತಿನಲ್ಲಿ ರೇಡಿಯೋ ಸಂದೇಶ ಹಿಡಿಯುವ ಉದ್ದನೆಯ ತಂತಿ ಕಳಚಿಹೋಯಿತು. ಹಿಂದಿರುಗಲಿಲ್ಲ. ಮುಂದೆ ಹವೆ ಕೆಟ್ಟಿದೆಯೆಂದು ಕಳುಹಿಸಿದ ಸುದ್ದಿ ಅವರಿಗೆ ತಲುಪಲೇ ಇಲ್ಲ. ಮಳೆ ಮೋಡಗಳ ನಡುವೆ ದಾರಿ ತಪ್ಪಿ, ಮಾರ್ಚಿ ೩೧ರಂದು ಕಿಂಬರ್ಲಿ ಪ್ರಾಂತದಲ್ಲಿ ಗ್ಲೆನೆಲ್ಗ್ ನದಿಯ ಹತ್ತಿರದ ಕೆಸರು ನೆಲದ ಮೇಲೆ ಇಳಿದರು. ತುರ್ತಿನ ಆಹಾರ ಇದೆಯೆ ಎಂದು ಹೊರಡುವ ಮುನ್ನ ಸರಿಯಾಗಿ ನೋಡಿಕೊಂಡಿರಲಿಲ್ಲ. ಕಾಫಿಗೆ ಬ್ರಾಂದಿ ಬೆರೆಸಿ ಕುಡಿದು ದಿನ ದೂಡಿದರೆಂದು ಆ ಜಾಗಕ್ಕೆ ‘ಕಾಫಿ ರಾಯಲ್’ ಎಂಬ ಹೆಸರೇ ನಿಂತಿತು.

ನಾಡೆಲ್ಲ ಕಳವಳಗೊಂಡಿತು. ಹುಡುಕಲು ಹೊರಟವರಲ್ಲಿ ಕೀತ್ ಆಂಡರ್ಸನ್ ಒಬ್ಬ. ಇವನೂ ಕಿಂಗ್ಸ್‌ಫರ್ಡ್ ಸ್ಮಿತ್‌ನ ಹಳೆಯ ಗೆಳೆಯ. ಪೆಸಿಫಿಕ್ ಯಾನದಿಂದ ತನ್ನನ್ನು ಕೈಬಿಟ್ಟರೆಂದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದವನು. ಆದರೂ ಗೆಳೆಯ ಕಾಣೆಯಾದಾಗ ಸುಮ್ಮನೆ ಕುಳಿತುಕೊಳ್ಳಲಾರದೆ, ಬಾಬ್ ಹಿಚ್‌ಕಾಕ್ ಎಂಬ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು, ‘ಕೂಕಬರ’ ಎಂಬ ಪುಟ್ಟ ವಿಮಾನದಲ್ಲಿ ಹೊರಟ. ರೇಡಿಯೋ ಇರಲಿಲ್ಲ, ದಿಕ್ಸೂಚಿ ನೆಚ್ಚುವಂತಿರಲಿಲ್ಲ, ಸಲಕರಣೆ ಕಡಿಮೆ, ನೀರು ಇನ್ನೂ ಕಡಿಮೆ. ಏಪ್ರಿಲ್ ೧೦ರಂದು ಆಲಿಸ್ ಸ್ಪ್ರಿಂಗ್ಸ್ ಬಿಟ್ಟು ತನಾಮಿ ಮರುಭೂಮಿಯ ಮೇಲೆ ಹೋಗುತ್ತಿದ್ದಾಗ ಎಂಜಿನ್ ಕೆಟ್ಟು ಇಳಿಯಬೇಕಾಯಿತು. ದೋಷ ದೊಡ್ಡದಲ್ಲ, ಸರಿಪಡಿಸಬಹುದಾದದ್ದು. ಆದರೆ ಆ ಕುರುಚಲಿನಿಂದ ಮತ್ತೆ ಮೇಲೇಳುವಷ್ಟು ಜಾಗ ಮಾಡಿಕೊಳ್ಳಲು ಬಾಯಾರಿದ ಇಬ್ಬರಿಂದ ಆಗಲಿಲ್ಲ. ಆಂಡರ್ಸನ್ ತನ್ನ ಕಡೆಯ ದಿನಗಳ ವೃತ್ತಾಂತವನ್ನು ವಿಮಾನದ ಚುಕ್ಕಾಣಿಯ ಬಟ್ಟೆಯ ಮೇಲೆ ಬರೆದಿಟ್ಟ. ಏಪ್ರಿಲ್ ೨೧ರಂದು ಲೆಸ್ಟರ್ ಬ್ರೇನ್ ಎಂಬ ವೈಮಾನಿಕ ಮೇಲಿನಿಂದ ಅವರನ್ನು ಕಂಡಾಗ ಕಾಲ ಮಿಂಚಿತ್ತು. ಯಾರನ್ನು ಹುಡುಕಲು ಇವರು ಹೊರಟರೋ ಅವರನ್ನು ಏಪ್ರಿಲ್ ೧೨ರಂದೇ, ಎಂದರೆ ಇವರು ಮರಳಿಗಿಳಿದ ಎರಡೇ ದಿನಗಳಲ್ಲಿ, ಬೇರೊಂದು ವಿಮಾನ ಜೀವಂತವಾಗಿ ಪತ್ತೆಹಚ್ಚಿತ್ತು.

ಕಿಂಗ್ಸ್‌ಫರ್ಡ್ ಸ್ಮಿತ್ ಹೆಸರಿನ ಆಸೆಗೆ ಬೇಕೆಂದೇ ಕಾಣೆಯಾದನೆಂದು ಜನ ಆಡಿಕೊಂಡರು. ಅದೇ ವರ್ಷ ಕುಳಿತ ವಿಚಾರಣಾ ಸಮಿತಿ ಆ ಅಪವಾದವನ್ನು ತಳ್ಳಿಹಾಕಿತು. ಸಿದ್ಧತೆಯಲ್ಲಿ ಕೊರತೆಯಿತ್ತೆಂಬುದನ್ನು ಮಾತ್ರ ಎತ್ತಿ ತೋರಿಸಿತು. ನಾವೂ ಇಲ್ಲಿ ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸಬೇಕಾಗಿಲ್ಲ. ಹುಡುಕಲು ಬಾ ಎಂದು ಆಂಡರ್ಸನ್‌ನನ್ನು ಯಾರೂ ಕರೆದಿರಲಿಲ್ಲ. ಅವನು ಹೊರಟದ್ದು ಅವನ ನಿರ್ಧಾರ. ಒಬ್ಬನ ಅಜಾಗ್ರತೆಗೆ ಇನ್ನೊಬ್ಬನ ಮರಣವನ್ನು ನೇರವಾಗಿ ಗಂಟುಹಾಕುವುದು ನ್ಯಾಯವಲ್ಲ. ಆದರೆ ‘ನನ್ನ ಪ್ರಾಣ ನನ್ನದು’ ಎಂಬ ವಾದ ಈ ಮರಳಿನಲ್ಲಿ ನಿಲ್ಲುವುದಿಲ್ಲ ಎಂಬುದಂತೂ ಸ್ಪಷ್ಟ. ಕಾಣೆಯಾದವನನ್ನು ಮನುಷ್ಯರು ಹುಡುಕದೆ ಬಿಡರು. ಅವನು ಒಳ್ಳೆಯವನೋ ಕೆಟ್ಟವನೋ, ತಪ್ಪು ಅವನದೋ ವಿಧಿಯದೋ ಎಂದು ಕೇಳಿ ಹೊರಡುವವರಲ್ಲ ಅವರು. ಮನುಷ್ಯರ ಈ ಒಳ್ಳೆಯತನವೇ ಸಾಹಸಿಯ ಮೇಲಿನ ಋಣ. ತಾನು ಸತ್ತರೆ ಯಾರಿಗೂ ನಷ್ಟವಿಲ್ಲ ಎನ್ನುವವನು, ತನಗಾಗಿ ಯಾರೂ ಬರಲಾರರು ಎಂದು ಜಗತ್ತನ್ನೇ ಅವಮಾನಿಸುತ್ತಿದ್ದಾನೆ.

ಆಂಡರ್ಸನ್‌ನ ಕಡೆಯಿಂದ ನೋಡಿದರೆ ಪ್ರಶ್ನೆ ಇನ್ನೂ ಕಠಿಣ. ಅವನ ಹೃದಯ ದೊಡ್ಡದು. ಮನಸ್ತಾಪವನ್ನು ಮರೆತು ಹೊರಟವನು. ಆದರೆ ಒಳ್ಳೆಯ ಉದ್ದೇಶ ನೀರಿನ ಡಬ್ಬಿಯನ್ನು ತುಂಬಿಸುವುದಿಲ್ಲ. ಕರುಣೆ ಅವಸರಪಟ್ಟಾಗ, ಹುಡುಕಬೇಕಾದವರ ಸಂಖ್ಯೆ ಇಬ್ಬರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಅದಕ್ಕಿಂತಲೂ ನೆನಪಿಡಬೇಕಾದವನು ಹಿಚ್‌ಕಾಕ್. ಪಕ್ಕದಲ್ಲಿ ಕುಳಿತವನು ನಡೆಸುವವನ ನಿರ್ಧಾರಕ್ಕೆ ತನ್ನ ಪ್ರಾಣವನ್ನು ಒಪ್ಪಿಸಿರುತ್ತಾನೆ. ಇಂದಿಗೂ ಪುಟ್ಟ ವಿಮಾನಕ್ಕೆ ಹತ್ತುವ ಅತಿಥಿ ಪೆಟ್ರೋಲಿನ ಲೆಕ್ಕ ಕೇಳುವುದಿಲ್ಲ. ಕೇಳಿದರೂ ಅವನಿಗೆ ಅರ್ಥವಾಗದು. ಆ ನಂಬಿಕೆಗೆ ತಕ್ಕಂತೆ ರಾತ್ರಿ ಕುಳಿತು ಮತ್ತೊಮ್ಮೆ ಕೂಡಿ ಕಳೆದು ನೋಡುವುದು ಬುದ್ಧಿಯ ಕೆಲಸ ಮಾತ್ರವೆ? ಧರ್ಮ ಎಂಬುದಕ್ಕೆ ಇದಕ್ಕಿಂತ ನೇರವಾದ ರೂಪ ಯಾವುದು?

ಹಾಗಾದರೆ ಯಾರೂ ಹಾರಲೇ ಬಾರದೆ? ಹಾಗೆಂದರೆ ಆ ಒಳನಾಡಿಗೇ ಅನ್ಯಾಯ ಮಾಡಿದಂತೆ. ಅಲ್ಲಿಯ ಒಂಟಿ ಮನೆಗಳಲ್ಲಿ ಕಾಯಿಲೆಯಾದರೆ ವೈದ್ಯರಿಲ್ಲದೆ ಸಾಯುತ್ತಿದ್ದ ಕಾಲವೊಂದಿತ್ತು. ವಿಮಾನದಲ್ಲಿ ವೈದ್ಯನನ್ನು ಕಳುಹಿಸಬಹುದೆಂದು ೧೯೧೭ರಲ್ಲಿ ಕ್ಲಿಫರ್ಡ್ ಪೀಲ್ ಎಂಬ ತರುಣ ಸೈನಿಕ ಪಾದ್ರಿ ಜಾನ್ ಫ್ಲಿನ್ ಅವರಿಗೆ ಕಾಗದ ಬರೆದ. ೧೯೨೮ರ ಮೇ ತಿಂಗಳಲ್ಲಿ ಕ್ಲಾನ್‌ಕರಿಯಿಂದ ಮೊದಲ ಹಾರುವ ವೈದ್ಯ ಹೊರಟ. ಮರುವರ್ಷ ಆಲ್‌ಫ್ರೆಡ್ ಟ್ರೇಗರ್ ತುಳಿದು ನಡೆಸುವ ರೇಡಿಯೋ ಒದಗಿಸಿದ ಮೇಲೆ ಒಂಟಿ ಮನೆಗಳಿಗೆ ಕರೆಯುವ ಬಾಯಿ ಬಂತು. ಮೊದಲು ಹಾರಿ ದಾರಿ ಕಂಡವರ ಎದೆಗಾರಿಕೆ ಇಲ್ಲದಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು, ನಿಜ. ಆದರೆ ಬೆಂಕಿಯ ಭಯಕ್ಕೆ ಒಲೆಯನ್ನೇ ಹಚ್ಚದವನು ಜಾಣನಲ್ಲ. ಸಾಹಸ ಬೇಡವೆನ್ನುವುದಲ್ಲ ಸಿದ್ಧತೆಯ ಕೆಲಸ; ಸಾಹಸಕ್ಕೆ ಅಧಿಕಾರ ತಂದುಕೊಡುವುದು.

ಈಗಿನ ವ್ಯವಸ್ಥೆಯಲ್ಲಿ ನನಗೆ ಬಹಳ ಅರ್ಥವತ್ತಾಗಿ ಕಾಣುವುದು ಒಂದು ಸಣ್ಣ ಏರ್ಪಾಡು. ವೈಮಾನಿಕ ಹೊರಡುವ ಮುನ್ನ ತನ್ನ ದಾರಿಯನ್ನು ತಿಳಿಸಿ, ಒಂದು ಹೊತ್ತನ್ನು ಗೊತ್ತುಮಾಡುತ್ತಾನೆ. ಅದನ್ನು ‘ಸಾರ್‌ಟೈಮ್’ ಎನ್ನುತ್ತಾರೆ. ಆ ಹೊತ್ತಿನೊಳಗೆ ‘ಸುಖವಾಗಿ ಇಳಿದೆ’ ಎಂದು ತಿಳಿಸದಿದ್ದರೆ ವಿಚಾರಣೆ ಮೊದಲಾಗುತ್ತದೆ. ಸುದ್ದಿ ಸಿಕ್ಕದಿದ್ದರೆ ಹುಡುಕುವ ಕಾರ್ಯ. ಇಲ್ಲವೇ ಜವಾಬ್ದಾರಿಯುಳ್ಳ ಒಬ್ಬರ ಕೈಯಲ್ಲಿ ಈ ವಿವರಗಳ ಚೀಟಿಯನ್ನು ಕೊಟ್ಟು ಹೋಗಬಹುದು. ‘ಹೋಗಿಬರುತ್ತೇನೆ’ ಎಂಬ ನಮ್ಮ ಮಾತಿಗೆ ಗಡಿಯಾರ ಕಟ್ಟಿದಂತೆ ಇದು. ಇದರಲ್ಲಿ ಎರಡು ಕರ್ತವ್ಯಗಳಿವೆ. ಹೇಳಿದ ದಾರಿಯಲ್ಲೇ ಹೋಗುವುದು ಒಂದು. ದೂರದಲ್ಲಿ ಮಿನುಗುವ ಉಪ್ಪಿನ ಸರೋವರದ ಸೊಬಗಿಗೆ ಮರುಳಾಗಿ, ಯಾರಿಗೂ ತಿಳಿಸದೆ ಅತ್ತ ತಿರುಗಿದವನನ್ನು, ಹುಡುಕುವವರು ಅವನಿಲ್ಲದ ಕಡೆ ಹುಡುಕಬೇಕಾಗುತ್ತದೆ. ಇಳಿದ ಮೇಲೆ ಮರೆಯದೆ ತಿಳಿಸುವುದು ಇನ್ನೊಂದು. ಇಳಿದವನು ನಿಶ್ಚಿಂತೆಯಿಂದ ಊಟಕ್ಕೆ ಕುಳಿತಿರುವಾಗ ಅವನಿಗಾಗಿ ಇತರರು ನಿದ್ದೆಗೆಡುವುದು ತಮಾಷೆಯ ಮಾತಲ್ಲ. ಅಪಾಯದ ಗಳಿಗೆಯಲ್ಲಿ ಧೀರನಾಗಿರುವುದು ಹಲವರಿಗೆ ಸಾಧ್ಯ. ಸುಖವಾಗಿ ಇಳಿದ ಮೇಲೆ ಒಂದು ಫೋನು ಮಾಡುವಷ್ಟು ಇತರರನ್ನು ನೆನೆಯುವುದು ಅಷ್ಟು ಸುಲಭವಲ್ಲ.

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ‘ನಿರ್ಜನ’ ಎಂದು ನಾವು ಕರೆಯುವ ನೆಲ ಯಾರಿಗೆ ನಿರ್ಜನ? ೧೯೩೨ರಲ್ಲಿ ಹಾನ್ಸ್ ಬರ್ಟ್ರಾಮ್ ಮತ್ತು ಅಡಾಲ್ಫ್ ಕ್ಲೌಸ್‌ಮನ್ ಎಂಬ ಇಬ್ಬರು ಜರ್ಮನರು ದಾರಿ ತಪ್ಪಿ ಇದೇ ಕಿಂಬರ್ಲಿಯ ಕರೆಯಲ್ಲಿ ವಿಮಾನ ಇಳಿಸಿದರು. ವಾರಗಟ್ಟಲೆ ಹಸಿದು, ಸಾವಿನ ಬಾಗಿಲಲ್ಲಿದ್ದಾಗ ಅವರನ್ನು ಕಂಡುಹಿಡಿದು ಉಣಿಸಿ ಉಳಿಸಿದವರು ಆ ನೆಲದ ಮೂಲನಿವಾಸಿಗಳು. ಹೊರಗಿನವರಿಗೆ ಮೃತ್ಯುವಿನಂತೆ ಕಂಡದ್ದು ಅವರಿಗೆ ಸಾವಿರಾರು ವರ್ಷಗಳ ಮನೆ. ಇಂದು ಅವರ ಎಷ್ಟೋ ನೆಲಗಳಿಗೆ ಹೋಗಲು ಮೊದಲೇ ಅನುಮತಿ ಪಡೆಯಬೇಕು. ಇದನ್ನು ಕಚೇರಿಯ ಕಿರುಕುಳವೆಂದು ಗೊಣಗುವುದು ತಪ್ಪು. ಬೇರೆಯವರ ಮನೆಗೆ ಹೋಗುವಾಗ ಬಾಗಿಲು ತಟ್ಟುವುದೂ ಪ್ರಯಾಣದ ಸಿದ್ಧತೆಯೇ.

ಯಂತ್ರಗಳು ಈಗ ಬಹಳ ಮುಂದುವರಿದಿವೆ. ಅಂಗೈಯಗಲದ ಒಂದು ಸಾಧನದ ಗುಂಡಿ ಒತ್ತಿದರೆ ಉಪಗ್ರಹಗಳ ಮೂಲಕ ಕ್ಯಾನ್‌ಬೆರಾದ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ. ಆಂಡರ್ಸನ್‌ನ ಬಳಿ ಇದೊಂದು ಇದ್ದಿದ್ದರೆ! ಆದರೆ ಈ ವರದಲ್ಲಿಯೂ ಒಂದು ಮೋಸವುಂಟು. ಕರೆದರೆ ಬರುತ್ತಾರೆಂಬ ಭರವಸೆ, ಕರೆಯಬೇಕಾದ ಸ್ಥಿತಿಗೆ ಹೋಗದಿರುವ ಎಚ್ಚರವನ್ನು ಸಡಿಲಿಸಬಹುದು. ಬರುವವರೂ ಹಾರಿಯೇ ಬರಬೇಕು. ಅವರ ಮನೆಯಲ್ಲಿಯೂ ಕಾಯುವವರಿದ್ದಾರೆ. ಸಾಧನ ಜೇಬಿನಲ್ಲಿದೆಯೆಂದು ಮೋಡ ಕವಿದ ಕಡೆಗೆ ನುಗ್ಗುವವನು ಪರರ ಸಾಹಸವನ್ನು ತನ್ನ ಖರ್ಚಿಗೆ ಬಳಸುತ್ತಾನೆ.

ಹಾಗೆಂದು ಎಲ್ಲ ಲೆಕ್ಕ ಸರಿಯಾದರೂ ಎಲ್ಲರೂ ಮರಳುತ್ತಾರೆಂದಿಲ್ಲ. ಕಿಂಗ್ಸ್‌ಫರ್ಡ್ ಸ್ಮಿತ್‌ನೇ ೧೯೩೫ರ ನವೆಂಬರಿನಲ್ಲಿ ಅಂಡಮಾನ್ ಸಮುದ್ರದ ಮೇಲೆ ಕಣ್ಮರೆಯಾದ; ಈ ಬಾರಿ ಸಿಕ್ಕಲಿಲ್ಲ. ಸಿದ್ಧತೆ ವಿಧಿಯನ್ನು ಗೆಲ್ಲುವ ಉಪಾಯವಲ್ಲ. ವಿಧಿಯ ಪಾಲನ್ನು ವಿಧಿಗೆ ಬಿಟ್ಟು, ನಮ್ಮ ಪಾಲಿನ ತಪ್ಪನ್ನು ಅದರ ತಲೆಗೆ ಕಟ್ಟದಿರುವುದಷ್ಟೇ ಅದರ ಕೆಲಸ. ಹಣೆಬರಹ ಎಂಬ ಮಾತನ್ನು ಆಡುವ ಹಕ್ಕು ನೀರಿನ ಡಬ್ಬಿಯನ್ನು ತುಂಬಿಸಿದವನಿಗೆ ಮಾತ್ರ ಉಂಟು.

ಹಾರುವುದರಲ್ಲಿ ಅತ್ಯಂತ ಕಷ್ಟದ ಕೆಲಸ ಹಿಂದಿರುಗುವುದೆಂದು ತೋರುತ್ತದೆ. ಅರ್ಧ ದಾರಿ ಬಂದಾಗಿದೆ, ಮುಂದೆ ಮೋಡ, ಜೊತೆಯವರು ಆಸೆಯಿಂದ ನೋಡುತ್ತಿದ್ದಾರೆ, ಊರಿನಲ್ಲಿ ನಗುವವರಿದ್ದಾರೆ. ಆಗ ವಿಮಾನದ ಮೂತಿಯನ್ನು ಮೆಲ್ಲನೆ ತಿರುಗಿಸಿದವನ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಅವನನ್ನು ಹುಡುಕಲು ಯಾರೂ ಹೊರಡಬೇಕಾಗಲಿಲ್ಲ ಎಂಬುದೇ ಅವನ ಸಾಧನೆ.